ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿಯೇ ಇತ್ತು, ಮತ್ತೆ ಹೃದಯಾಘಾತ ಯಾಕಾಯಿತು? ಚಿಕ್ಕ ವಯಸ್ಸಿನಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದಿಷ್ಟು ಮಾಹಿತಿ

ನನಗೆ 41 ನಡೆಯುತ್ತಿದ್ದ ವರ್ಷ, ದೇರಾದ ಆಫೀಸಿನಲ್ಲಿ ವ್ಯಾಟ್ ರಿಟರ್ನ್ ಕಳಿಸಿ ಕುರ್ಚಿಯಿಂದ ಏಳುವಾಗ ಎದೆಯ ನಡುವೆ ಯಾರೋ ಕಲ್ಲು ಹೇರಿದ ಹಾಗಾಯಿತು. ಎಡಗೈ ಭಾರ, ಮೈಯೆಲ್ಲ ಬೆವರು. ಮಧ್ಯಾಹ್ನದ ಬಿರಿಯಾನಿಯ ಗ್ಯಾಸ್ ಅಂದುಕೊಂಡು ಸೋಡಾ ತರಿಸಿದೆ. ಪಕ್ಕದ ಮೇಜಿನ ಮಲಯಾಳಿ ಸಹೋದ್ಯೋಗಿ ನನ್ನ ಮಾತು ಕೇಳದೆ ಆಂಬುಲೆನ್ಸ್ ಕರೆಸಿದ್ದರಿಂದ ಇವತ್ತು ಈ ಲೇಖನ ಬರೆಯುತ್ತಿದ್ದೇನೆ. ಒಂದು ರಕ್ತನಾಳ ಪೂರ್ತಿ ಮುಚ್ಚಿತ್ತು, ಒಂದು ಸ್ಟೆಂಟ್ ಬಿತ್ತು.

ಬಿಡುಗಡೆಯ ದಿನ ಕೈಗೆ ಬಂದ ರಿಪೋರ್ಟುಗಳನ್ನು ಬ್ಯಾಲೆನ್ಸ್ ಶೀಟ್ ಓದುವ ಹಾಗೆ ಸಾಲು ಸಾಲಾಗಿ ಓದಿದೆ. ಅದೊಂದು ಚಟ. ಪ್ಲೇಟ್‌ಲೆಟ್ 2.6 ಲಕ್ಷ, ಪಕ್ಕದಲ್ಲಿ ನಾರ್ಮಲ್ ಅಂತ ಇತ್ತು. ವಿವರಿಸಿದ ಡಾಕ್ಟರು ಮಾತ್ರ, ‘ನಿಮ್ಮ ಪ್ಲೇಟ್‌ಲೆಟ್‌ಗಳೇ ಒಟ್ಟುಗೂಡಿ ನಾಳ ಮುಚ್ಚಿದವು’ ಅಂದರು. ಎಣಿಕೆ ಸರಿಯಿದ್ದರೆ ತಪ್ಪು ಎಲ್ಲಿ ಅಂತ ಕೇಳಿದೆ. ಹೊರಗೆ ಹತ್ತು ಜನ ಕಾಯುತ್ತಿದ್ದರು, ಅವರಿಗೆ ಪುರುಸೊತ್ತಿರಲಿಲ್ಲ. ಆ ಪ್ರಶ್ನೆಗೆ ಆಮೇಲೆ ಓದಿ, ಬೇರೆ ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡದ್ದು ಇಲ್ಲಿದೆ. ನಾನು ಓದಿದ್ದು ಬಿ.ಕಾಂ., ವೈದ್ಯಕೀಯ ಅಲ್ಲ. ಮಾತ್ರೆ ಬದಲಾಯಿಸುವ ಅಧಿಕಾರ ಈ ಲೇಖನಕ್ಕೂ ಇಲ್ಲ, ನಿಮಗೂ ಇಲ್ಲ, ನಿಮ್ಮ ಡಾಕ್ಟರಿಗೆ ಮಾತ್ರ ಇದೆ.

ಎಣಿಕೆ ಬೇರೆ, ನಡವಳಿಕೆ ಬೇರೆ

ನಮ್ಮಲ್ಲಿ ಪ್ಲೇಟ್‌ಲೆಟ್ ಎಂಬ ಶಬ್ದ ಮನೆಮಾತಾಗಿದ್ದು ಡೆಂಗ್ಯೂವಿನಿಂದ. ಮಳೆಗಾಲದಲ್ಲಿ ಊರಿಂದ ಫೋನ್ ಬಂದರೆ ‘ಎಷ್ಟಕ್ಕೆ ಇಳಿದಿದೆ’ ಅನ್ನುವುದೇ ಮೊದಲ ಪ್ರಶ್ನೆ. ಹಾಗಾಗಿ ಪ್ಲೇಟ್‌ಲೆಟ್ ಅಂದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಕಲ್ಪನೆ ಕೂತುಬಿಟ್ಟಿದೆ.

ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಈ ಪುಟ್ಟ ಬಿಲ್ಲೆಗಳು ಎಲುಬಿನ ಮಜ್ಜೆಯಲ್ಲಿ ತಯಾರಾಗುತ್ತವೆ. ಇವುಗಳ ಆಯುಷ್ಯ ಏಳರಿಂದ ಹತ್ತು ದಿನ ಅಷ್ಟೇ. ಕೈಗೆ ಚಾಕು ತಾಗಿದರೆ ರಕ್ತ ನಿಲ್ಲಿಸಲು ಮೊದಲು ಓಡಿ ಬರುವುದು ಇವೇ. ಗಾಯದ ಜಾಗಕ್ಕೆ ಅಂಟಿಕೊಳ್ಳುತ್ತವೆ, ಆಕಾರ ಬದಲಾಯಿಸಿ ಮುಳ್ಳು ಮುಳ್ಳಾಗುತ್ತವೆ, ಎಡಿಪಿ ಮತ್ತು ಥ್ರಾಂಬಾಕ್ಸೇನ್ ಎಂಬ ರಾಸಾಯನಿಕಗಳನ್ನು ಹೊರಬಿಟ್ಟು ಉಳಿದವನ್ನು ಕೂಗಿ ಕರೆಯುತ್ತವೆ. ಬಂದವೆಲ್ಲ ಫೈಬ್ರಿನೋಜನ್ ಎಂಬ ದಾರದಿಂದ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಹೆಪ್ಪು ಅಂದರೆ ಅದು.

ಕೈಬೆರಳಿನಲ್ಲಿ ಪ್ರಾಣ ಉಳಿಸುವ ಈ ಕೆಲಸವೇ ಹೃದಯದ ನಾಳದೊಳಗೆ ಪ್ರಾಣ ತೆಗೆಯುತ್ತದೆ. ನಾಳದ ಒಳಗೋಡೆಯಲ್ಲಿ ಕೂತ ಕೊಬ್ಬಿನ ಗಂಟಿನ ತೆಳು ಪೊರೆ ಒಡೆದರೆ, ಅಥವಾ ಮೇಲ್ಪದರ ಸವೆದರೆ, ಪ್ಲೇಟ್‌ಲೆಟ್‌ಗೆ ಅದೂ ಒಂದು ಗಾಯವೇ. ಮೂರು ಮಿಲಿಮೀಟರ್ ಆಸುಪಾಸಿನ ನಾಳ ಮುಚ್ಚಿಹೋಗಲು ಬಹಳ ಹೊತ್ತು ಬೇಡ. ವಯಸ್ಸಾದವರಲ್ಲಿ ಹಲವು ನಾಳಗಳು ವರ್ಷಗಟ್ಟಲೆ ಕಿರಿದಾಗುತ್ತಾ ಬಂದಿರುತ್ತವೆ. 35, 40ರ ಆಸುಪಾಸಿನವರಲ್ಲಿ ಹೆಚ್ಚಾಗಿ ಕಾಣುವುದು ಬೇರೆ ಚಿತ್ರ: ಒಂದೇ ನಾಳ, ಅಷ್ಟೇನೂ ದೊಡ್ಡದಲ್ಲದ ಗಂಟು, ಅದರ ಮೇಲೆ ದಿಢೀರನೆ ಕೂತ ದೊಡ್ಡ ಹೆಪ್ಪು. ನಿನ್ನೆಯವರೆಗೆ ಕ್ರಿಕೆಟ್ ಆಡುತ್ತಿದ್ದವನಿಗೆ ಇವತ್ತು ಹೀಗಾಯಿತು ಎಂಬ ಮಾತು ಅದಕ್ಕೇ ಇಷ್ಟು ಸಲ ಕೇಳಿಬರುತ್ತದೆ.

ಹಾಗಾಗಿ ರಿಪೋರ್ಟಿನ 2.6 ಲಕ್ಷ ನನಗೆ ಏನನ್ನೂ ಹೇಳಲಿಲ್ಲ. ಗೋದಾಮಿನಲ್ಲಿ ಎಷ್ಟು ಪೆಟ್ಟಿಗೆ ಇದೆ ಅಂತ ಸ್ಟಾಕ್ ರಿಜಿಸ್ಟರ್ ಹೇಳುತ್ತದೆ, ಒಳಗಿನ ಮಾಲು ಯಾವ ಸ್ಥಿತಿಯಲ್ಲಿದೆ ಅಂತ ಹೇಳುವುದಿಲ್ಲ. ಪ್ಲೇಟ್‌ಲೆಟ್ ಎಷ್ಟು ಬೇಗ ಸಿಟ್ಟಿಗೇಳುತ್ತದೆ, ಎಷ್ಟು ಬಿಗಿಯಾಗಿ ಅಂಟುತ್ತದೆ ಎಂಬುದು ಬೇರೆಯೇ ಲೆಕ್ಕ. ಅದನ್ನು ಅಳೆಯುವ ದಾರಿಯನ್ನು 1962ರಲ್ಲಿ ತೋರಿಸಿದವರು ಗುಸ್ತಾವ್ ಬಾರ್ನ್. ಪ್ಲೇಟ್‌ಲೆಟ್ ಇರುವ ದ್ರವ ಮಬ್ಬಾಗಿರುತ್ತದೆ, ಅವು ಗುಂಪುಗೂಡಿದ ಹಾಗೆ ದ್ರವ ತಿಳಿಯಾಗಿ ಹೆಚ್ಚು ಬೆಳಕು ಹಾಯುತ್ತದೆ. ಆ ಬೆಳಕನ್ನು ಅಳೆದರಾಯಿತು. ಇವರ ತಂದೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಕರೆದರೆಂದು 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಇದ್ದವರು. ವಿಷಯಕ್ಕೆ ಸಂಬಂಧವಿಲ್ಲ, ಓದುವಾಗ ಖುಷಿಯಾಯಿತು ಅಂತ ಬರೆದೆ.

ಸಿಟ್ಟು ಏರಿಸುವವರು ಯಾರು?

ಆರೋಗ್ಯವಂತ ರಕ್ತನಾಳದ ಒಳಪದರ ಸುಮ್ಮನೆ ಕೂರುವ ಗೋಡೆಯಲ್ಲ. ನೈಟ್ರಿಕ್ ಆಕ್ಸೈಡ್ ಮತ್ತು ಪ್ರೋಸ್ಟಾಸೈಕ್ಲಿನ್ ಎಂಬ ಎರಡು ಪದಾರ್ಥಗಳನ್ನು ಸತತವಾಗಿ ಬಿಡುತ್ತಾ ಪ್ಲೇಟ್‌ಲೆಟ್‌ಗಳನ್ನು ತಣ್ಣಗಿಡುತ್ತದೆ. ಇನ್ಸುಲಿನ್ ಕೂಡ ಸಕ್ಕರೆ ಇಳಿಸುವುದರ ಜೊತೆಗೆ ಪ್ಲೇಟ್‌ಲೆಟ್‌ಗೆ ಒಂದು ಬ್ರೇಕ್ ಹಾಕುತ್ತದೆ.

ಹೊಟ್ಟೆಯ ಸುತ್ತ ಬೊಜ್ಜು ಸೇರಿ ದೇಹ ಇನ್ಸುಲಿನ್‌ನ ಮಾತು ಕೇಳದಿರುವ ಸ್ಥಿತಿ ಬಂದಾಗ ಈ ಎರಡೂ ಕೈಕೊಡುತ್ತವೆ. ಒಳಪದರದ ನೈಟ್ರಿಕ್ ಆಕ್ಸೈಡ್ ಕಮ್ಮಿಯಾಗುತ್ತದೆ, ಇನ್ಸುಲಿನ್‌ನ ಬ್ರೇಕ್ ಹಿಡಿಯುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿದರೆ ಪ್ಲೇಟ್‌ಲೆಟ್‌ನ ಹೊರಪೊರೆಗೇ ಸಕ್ಕರೆ ಅಂಟಿ ಅದು ಇನ್ನೂ ಸೂಕ್ಷ್ಮವಾಗುತ್ತದೆ. ಮಧುಮೇಹದಲ್ಲಿ ಮಜ್ಜೆ ಅವಸರದಲ್ಲಿ ದೊಡ್ಡ ಗಾತ್ರದ, ಎಳೆಯ ಪ್ಲೇಟ್‌ಲೆಟ್‌ಗಳನ್ನು ಹೊರಗೆ ಕಳಿಸುತ್ತದೆ. ಎಳೆಯವು ಹೆಚ್ಚು ಚುರುಕು. ಮೇಲಿಂದ ಸಿಗರೇಟು. ಸೇದಿದ ಸ್ವಲ್ಪ ಹೊತ್ತಿನಲ್ಲೇ ಪ್ಲೇಟ್‌ಲೆಟ್‌ಗಳು ಕೆರಳುತ್ತವೆ, ಒಳಪದರ ಹಾಳಾಗುತ್ತದೆ. ಶೀಶಾ ನೀರಿನಲ್ಲಿ ತೊಳೆದು ಬರುತ್ತದೆ, ಏನೂ ಆಗಲ್ಲ ಅನ್ನುವವರು ನಮ್ಮ ರೂಮಿನಲ್ಲೂ ಇದ್ದರು. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ವಿಷವನ್ನು ತೆಗೆಯುವುದಿಲ್ಲ.

ವೈದ್ಯರು ಇದಕ್ಕೆಲ್ಲ ಒಟ್ಟಾಗಿ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತಾರೆ. ಐದು ಅಂಶ ನೋಡುತ್ತಾರೆ, ಮೂರು ಇದ್ದರೆ ಸಾಕು. ಸೊಂಟದ ಸುತ್ತಳತೆ ನಮ್ಮ ಭಾಗದ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಅಥವಾ ಜಾಸ್ತಿ. ಟ್ರೈಗ್ಲಿಸರೈಡ್ 150 ಅಥವಾ ಮೇಲೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಮ್ಮಿ. ಬಿಪಿ 130/85 ಅಥವಾ ಮೇಲೆ. ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಮೇಲೆ.

ನನ್ನ ಲೆಕ್ಕ ಹೇಳುತ್ತೇನೆ. ಸೊಂಟ 98, ಟ್ರೈಗ್ಲಿಸರೈಡ್ 268, ಎಚ್‌ಡಿಎಲ್ 32, ಬಿಪಿ 138/88, ಸಕ್ಕರೆ 118. ಐದಕ್ಕೆ ಐದು. ದಿನಕ್ಕೆ ಆರೇಳು ಸಿಗರೇಟು ಬೇರೆ. ಹೃದಯಾಘಾತಕ್ಕೆ ಎಂಟು ತಿಂಗಳ ಹಿಂದೆ ಮಾಡಿಸಿದ ತಪಾಸಣೆಯಲ್ಲೂ ಅಂಕಿ ಹೆಚ್ಚುಕಮ್ಮಿ ಇವೇ ಇದ್ದವು. ಎಲ್‌ಡಿಎಲ್ 124, ‘ಮಿತಿಯೊಳಗಿದೆ’ ಅಂತ ಅದನ್ನೇ ಹಿಡಿದುಕೊಂಡು ಸಮಾಧಾನ ಪಟ್ಟೆ. ಯಾವ ಒಂದು ಅಂಕಿಯೂ ಹೆದರಿಸುವಷ್ಟು ದೊಡ್ಡದಿರಲಿಲ್ಲ. ಸಣ್ಣ ಸಣ್ಣ ಬಾಕಿಗಳು ಒಟ್ಟುಗೂಡಿ ಕಂಪನಿ ಮುಳುಗುವುದನ್ನು ದಿನವೂ ನೋಡುವ ನನಗೇ ಇದು ಕಾಣಲಿಲ್ಲ. ಅಮೆರಿಕದ ಬಾಸ್ಟನ್‌ನ ಎರಡು ಆಸ್ಪತ್ರೆಗಳಲ್ಲಿ 50ರೊಳಗೆ ಹೃದಯಾಘಾತವಾದವರ ದಾಖಲೆ ತೆಗೆದು ನೋಡಿದಾಗ, ಘಟನೆಯ ಹಿಂದಿನ ದಿನ ಅವರನ್ನು ಪರೀಕ್ಷಿಸಿದ್ದರೆ ಅರ್ಧದಷ್ಟು ಜನರಿಗೆ ಆಗಿನ ನಿಯಮದ ಪ್ರಕಾರ ಕೊಲೆಸ್ಟ್ರಾಲ್ ಮಾತ್ರೆ ಬರೆಯುವ ಕಾರಣವೇ ಇರುತ್ತಿರಲಿಲ್ಲ ಅಂತ ಗೊತ್ತಾಯಿತು.

ಗಲ್ಫ್‌ನಲ್ಲಿರುವವರು ಗಮನಿಸಬೇಕಾದ ಒಂದು ವಿಷಯ ಇದೆ. ಇಲ್ಲಿನ ಅನೇಕ ಲ್ಯಾಬುಗಳು ರಿಪೋರ್ಟನ್ನು ಮಿಲಿಮೋಲ್‌ನಲ್ಲಿ ಕೊಡುತ್ತವೆ, ಊರಿನಲ್ಲಿ ಮಿಲಿಗ್ರಾಂ. ಮೇಲೆ ಹೇಳಿದ್ದೆಲ್ಲ ಮಿಲಿಗ್ರಾಂ ಲೆಕ್ಕ. ರಿಯಾಲನ್ನು ರೂಪಾಯಿಗೆ ತಿರುಗಿಸುವ ಹಾಗೆ ಇದನ್ನೂ ತಿರುಗಿಸಬೇಕು, ಆದರೆ ಒಂದೊಂದಕ್ಕೆ ಒಂದೊಂದು ರೇಟು. ಸಕ್ಕರೆಯನ್ನು 18ರಿಂದ ಗುಣಿಸಿ, ಎಲ್‌ಡಿಎಲ್ ಮತ್ತು ಎಚ್‌ಡಿಎಲ್‌ಗಳನ್ನು 38.7ರಿಂದ, ಟ್ರೈಗ್ಲಿಸರೈಡನ್ನು 88.6ರಿಂದ. ಎಲ್‌ಡಿಎಲ್ 3.4 ಅಂದರೆ 131. ಸಕ್ಕರೆ 6.4 ಅಂದರೆ 115. ದಮ್ಮಾಮ್‌ನ ಒಬ್ಬ ಸ್ನೇಹಿತರು ‘ನನ್ನ ಟ್ರೈಗ್ಲಿಸರೈಡ್ ಬರೀ 2.6 ಮಾರಾಯ್ರೆ’ ಅಂತ ನಗುತ್ತಿದ್ದರು. ಅದು 230.

ಸೊಂಟದ ಅಳತೆ ಅಂದರೆ ಪ್ಯಾಂಟಿನ ಸೈಜು ಅಲ್ಲ. ನಾವು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ದರ್ಜಿಯ ಟೇಪ್ ಸುತ್ತಿ, ಉಸಿರು ಬಿಟ್ಟು ನೋಡಬೇಕು.

ನಮಗೇ ಯಾಕೆ ಬೇಗ?

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ನೇತೃತ್ವ ವಹಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ ಸುಮಾರು 59. ಆರು ವರ್ಷ ಮೊದಲು. ಕಾರಣ ಹುಡುಕಿದಾಗ ನಮ್ಮ ರಕ್ತದಲ್ಲಿ ಏನೋ ವಿಚಿತ್ರ ದೋಷ ಸಿಗಲಿಲ್ಲ. ತಂಬಾಕು, ಕೊಲೆಸ್ಟ್ರಾಲ್‌ನ ಅಸಮತೋಲ, ಸಕ್ಕರೆ, ಬಿಪಿ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ ಇಂಥ ಗೊತ್ತಿರುವ ಸಂಗತಿಗಳೇ ನಮಗೆ ಬೇಗ ಅಂಟಿಕೊಳ್ಳುತ್ತವೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 2017ರಿಂದ 40 ವರ್ಷದೊಳಗಿನ ರೋಗಿಗಳಿಗೇ ಪ್ರತ್ಯೇಕ ದಾಖಲಾತಿ ಇಟ್ಟಿದೆ. ಅಲ್ಲೂ ಸಿಗರೇಟಿನದೇ ದೊಡ್ಡ ಪಾಲು. 2021ರ ಅಕ್ಟೋಬರ್ 29ರಂದು 46ರ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅದೇ ಜಯದೇವದ ಮುಂದೆ ತಪಾಸಣೆಗೆ ಉದ್ದನೆಯ ಸಾಲು ನಿಂತಿತ್ತು. ಆಮೇಲೆ ಸಾಲು ಕರಗಿತು.

ಮನೆತನದಲ್ಲಿ ಬರುವ ಒಂದು ಅಂಶ ಮಾತ್ರ ಹೇಳಲೇಬೇಕು, ಲಿಪೊಪ್ರೋಟೀನ್-ಎ. ಇದು ಹುಟ್ಟಿನಿಂದ ಬಂದದ್ದು, ಊಟದಿಂದ ಏರಿಳಿಯುವುದಿಲ್ಲ, ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು. 50 ಮಿಲಿಗ್ರಾಂ ದಾಟಿದ್ದರೆ ಉಳಿದ ಅಂಶಗಳನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾದವರ ತಮ್ಮ, ತಂಗಿ, ಮಕ್ಕಳಿಗೂ ತಪಾಸಣೆ ಬೇಕು. ನನ್ನ ತಮ್ಮ ಮೊದಲು ಒಪ್ಪಲಿಲ್ಲ, ಮಾಡಿಸಿದಾಗ ಅವನ ಸಕ್ಕರೆ ನನಗಿಂತ ಜಾಸ್ತಿ ಇತ್ತು.

ಇಲ್ಲಿಯ ಬದುಕು ಇದಕ್ಕೆ ತನ್ನದೂ ಸೇರಿಸುತ್ತದೆ. ಪಾಳಿ ಕೆಲಸ, ನಿದ್ದೆ ಕಮ್ಮಿ, ದಿನಕ್ಕೆ ನಾಲ್ಕು ಕರಕ್ ಚಹಾ, ರಾತ್ರಿ 11ಕ್ಕೆ ಪರೋಟ. ಬೇಸಿಗೆಯ ಬಿಸಿಲಲ್ಲಿ ನೀರು ಕುಡಿಯದೆ ಬೆವರಿದರೆ ರಕ್ತ ಗಟ್ಟಿಯಾಗುತ್ತದೆ, ಪ್ಲೇಟ್‌ಲೆಟ್‌ಗಳು ಒತ್ತೊತ್ತಾಗುತ್ತವೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಿನ ಕೆಲಸಕ್ಕೆ ನಿಷೇಧ ಇದೆ. ಆ ಹೊತ್ತನ್ನು ಫೋನಿನಲ್ಲಿ ಕಳೆಯದೆ ನೀರು ಕುಡಿದು ಮಲಗುವುದು ಒಳ್ಳೆಯದು.

ಎರಡು ಮಾತ್ರೆ, ಎರಡು ಬಾಗಿಲು

ಹೃದಯಾಘಾತವಾದವರಿಗೆಲ್ಲ ಸಾಮಾನ್ಯವಾಗಿ ಎರಡು ಪ್ಲೇಟ್‌ಲೆಟ್ ಮಾತ್ರೆ ಬರೆಯುತ್ತಾರೆ. ಜನ ಇದನ್ನು ರಕ್ತ ತೆಳು ಮಾಡುವ ಮಾತ್ರೆ ಅನ್ನುತ್ತಾರೆ. ರಕ್ತ ತೆಳುವಾಗುವುದಿಲ್ಲ, ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯುವ ಕೂಗು ನಿಲ್ಲುತ್ತದೆ ಅಷ್ಟೇ.

ಆಸ್ಪಿರಿನ್ ಥ್ರಾಂಬಾಕ್ಸೇನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ಇದನ್ನು 1971ರಲ್ಲಿ ಬಿಡಿಸಿ ಹೇಳಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಸಿಕ್ಕಿತು. 1988ರ ಐಸಿಸ್-2 ಪ್ರಯೋಗದಲ್ಲಿ 17,187 ರೋಗಿಗಳ ಮೇಲೆ ನೋಡಿದಾಗ, ಹೃದಯಾಘಾತವಾದ ಕೂಡಲೇ ಶುರುಮಾಡಿದ ಆಸ್ಪಿರಿನ್ ಐದು ವಾರಗಳ ಸಾವನ್ನು 23 ಶೇಕಡಾ ಇಳಿಸಿತು. ಇಷ್ಟು ಅಗ್ಗದ ಮಾತ್ರೆ! ಎರಡನೆಯ ಮಾತ್ರೆ ಕ್ಲೊಪಿಡೊಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಸುಗ್ರೆಲ್. ಇವು ಎಡಿಪಿಯ ಬಾಗಿಲು ಮುಚ್ಚುತ್ತವೆ. ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದಿಟ್ಟರೆ ಹೊಸ ಸ್ಟೆಂಟ್ ಇರುವ ನಾಳಕ್ಕೆ ಸಾಲದು. ಸ್ಟೆಂಟ್ ಅಂದರೆ ಲೋಹ. ಅದರ ಮೇಲೆ ನಮ್ಮದೇ ಒಳಪದರ ಬೆಳೆದು ಮುಚ್ಚಿಕೊಳ್ಳುವವರೆಗೆ ಪ್ಲೇಟ್‌ಲೆಟ್‌ಗಳ ಕಣ್ಣಿಗೆ ಅದು ಪರಕೀಯ ವಸ್ತು. ಅದಕ್ಕೇ ಸಾಮಾನ್ಯವಾಗಿ 12 ತಿಂಗಳು ಎರಡೂ, ಆಮೇಲೆ ಒಂದು. ರಕ್ತಸ್ರಾವದ ಭಯವಿದ್ದರೆ ಡಾಕ್ಟರು ಈ ಅವಧಿ ಕಮ್ಮಿ ಮಾಡುತ್ತಾರೆ, ಕೆಲವರಿಗೆ ಮುಂದುವರಿಸುತ್ತಾರೆ.

ಇಲ್ಲಿ ಒಂದು ಸ್ಟಾಕ್ ಲೆಕ್ಕ ನೆನಪಿಟ್ಟುಕೊಳ್ಳಿ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ ಸುಮ್ಮನಿರುತ್ತದೆ. ಆದರೆ ದಿನವೂ ಸುಮಾರು ಹತ್ತರಲ್ಲೊಂದು ಭಾಗ ಹಳೆಯದು ಹೋಗಿ ಹೊಸದು ಬರುತ್ತದೆ. ಹೊಸದಕ್ಕೆ ಮಾತ್ರೆ ತಾಗಿಲ್ಲ. ಐದು ದಿನ ಮಾತ್ರೆ ಬಿಟ್ಟರೆ ರಕ್ತದಲ್ಲಿ ಅರ್ಧದಷ್ಟು ಪ್ಲೇಟ್‌ಲೆಟ್‌ಗಳು ಹೊಸವು, ಪೂರ್ತಿ ಚುರುಕು. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಹೊಸದು ಬರುವ ವೇಗವೇ ಜಾಸ್ತಿ, ಹಾಗಾಗಿ ದಿನಕ್ಕೊಂದು ಆಸ್ಪಿರಿನ್‌ನ ರಕ್ಷಣೆ ಅವರಿಗೆ ಬೇಗ ತೆಳುವಾಗುತ್ತದೆ. ಮಾತ್ರೆ ನುಂಗುತ್ತೇನಲ್ಲ, ಊಟ ಹೇಗಿದ್ದರೇನು ಅನ್ನುವ ವಾದ ಇದರಿಂದ ಬಿದ್ದುಹೋಗುತ್ತದೆ.

ತಪ್ಪುವುದು ಎಲ್ಲಿ?

ಕುಂದಾಪುರ ಕಡೆಯ ಹುಡುಗನೊಬ್ಬ, ವಯಸ್ಸು 36, ಎಸಿ ರಿಪೇರಿ ಕೆಲಸ, ನನ್ನ ಹಿಂದೆಯೇ ಸ್ಟೆಂಟ್ ಹಾಕಿಸಿಕೊಂಡವನು. ನಾಲ್ಕು ತಿಂಗಳಿಗೆ ರಜೆ ಸಿಕ್ಕಿ ಊರಿಗೆ ಹೋದ. ಅಲ್ಲಿ ಯಾರೋ ತಿಳಿದವರು, ‘ಎರಡೂ ಒಂದೇ ಜಾತಿಯ ಮಾತ್ರೆ, ಒಂದು ಸಾಕು, ಕಿಡ್ನಿ ಹಾಳಾಗ್ತದೆ’ ಅಂದರಂತೆ. ಹೊರಡುವ ಮೊದಲು ನನಗೆ ಫೋನ್ ಮಾಡಿ, ‘ಅಣ್ಣ, ಈಗ ಮೈ ಹಗುರ ಉಂಟು, ಮೆಟ್ಟಿಲು ಹತ್ತಿದರೂ ಏನೂ ಆಗುದಿಲ್ಲ’ ಅಂದಿದ್ದ. ಒಂದು ಮಾತ್ರೆ ಬಿಟ್ಟ ಹನ್ನೊಂದನೇ ದಿನ ಸ್ಟೆಂಟಿನೊಳಗೇ ಹೆಪ್ಪುಗಟ್ಟಿತು. ಜೀವ ಉಳಿಯಿತು. ಹೃದಯದ ಪಂಪಿಂಗ್ 30 ಶೇಕಡಾಕ್ಕೆ ಇಳಿಯಿತು. ಏಣಿ ಹತ್ತುವ ಕೆಲಸ ಮತ್ತೆ ಮಾಡಲಾಗಲಿಲ್ಲ, ವೀಸಾ ರದ್ದಾಯಿತು. ಮನೆ ಅರ್ಧ ಕಟ್ಟಿ ನಿಂತಿದೆ.

ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ. ಕೆಲಸ ಬದಲಾಯಿಸುವಾಗ ಹಳೆಯ ಕಂಪನಿಯ ಇನ್ಶೂರೆನ್ಸ್ ಮುಗಿದು ಹೊಸದು ಬರುವವರೆಗೆ ನಾನೇ ಆರು ದಿನ ಟಿಕಾಗ್ರೆಲಾರ್ ಇಲ್ಲದೆ ಕಳೆದೆ. ಕೈಯಿಂದ ದುಡ್ಡು ಕೊಟ್ಟು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ, ಅಷ್ಟು ದುಬಾರಿ. ಏನೂ ಆಗಲಿಲ್ಲ ಅನ್ನುವುದು ನನ್ನ ಅದೃಷ್ಟ. ಅಂಥ ಸ್ಥಿತಿ ಬಂದರೆ ಡಾಕ್ಟರಿಗೆ ಮುಂಚೆಯೇ ಹೇಳಿ, ಅಗ್ಗದ ಕ್ಲೊಪಿಡೊಗ್ರೆಲ್‌ಗೆ ಸರಿಯಾದ ಡೋಸ್‌ನಲ್ಲಿ ಬದಲಾಯಿಸಿಕೊಳ್ಳುವ ದಾರಿ ಇದೆ. ಅದು ಆಮೇಲೆ ಗೊತ್ತಾಯಿತು. ಈಗ ಕೊನೆಯ ಎರಡು ವಾರದ ಮಾತ್ರೆ ಉಳಿದಿರುವಾಗಲೇ ಹೊಸ ಚೀಟಿ ತೆಗೆಸುತ್ತೇನೆ.

ಟಿಕಾಗ್ರೆಲಾರ್ ತೆಗೆದುಕೊಳ್ಳುವ ಏಳು ಜನರಲ್ಲಿ ಒಬ್ಬರಿಗೆ ಉಸಿರು ಸಾಲದ ಹಾಗೆ ಅನ್ನಿಸುತ್ತದೆ. ಹೆದರಿ ಬಿಟ್ಟುಬಿಡುತ್ತಾರೆ. ಬಿಡಬಾರದು, ಡಾಕ್ಟರಿಗೆ ಹೇಳಬೇಕು. ಕ್ಲೊಪಿಡೊಗ್ರೆಲ್‌ದು ಇನ್ನೊಂದು ಕತೆ. ಅದು ಯಕೃತ್ತಿನಲ್ಲಿ ಬದಲಾದ ಮೇಲಷ್ಟೇ ಕೆಲಸ ಮಾಡುತ್ತದೆ, ಆ ಬದಲಾವಣೆ ಮಾಡುವ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರು ಯುರೋಪಿನವರಿಗಿಂತ ನಮ್ಮಲ್ಲಿ ಹೆಚ್ಚು. 2010ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ಈ ಬಗ್ಗೆ ಎಚ್ಚರಿಕೆ ಹಾಕಿಸಿದ್ದಾರೆ. ಗ್ಯಾಸ್‌ಗೆಂದು ತೆಗೆದುಕೊಳ್ಳುವ ಒಮೆಪ್ರಜೋಲ್ ಕೂಡ ಅದೇ ಕಿಣ್ವವನ್ನು ತಡೆಯುತ್ತದೆ. ಅದಕ್ಕೇ ಹೆಚ್ಚಿನ ಡಾಕ್ಟರುಗಳು ಪ್ಯಾಂಟೊಪ್ರಜೋಲ್ ಬರೆಯುವುದು. ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್ ಆಸ್ಪಿರಿನ್‌ನ ಜಾಗಕ್ಕೆ ಅಡ್ಡ ಕೂರುತ್ತದೆ, ಡೈಕ್ಲೊಫೆನಾಕ್ ಹೃದಯಕ್ಕೇ ಒಳ್ಳೆಯದಲ್ಲ. ನೋವಿಗೆ ಪ್ಯಾರಾಸಿಟಮಾಲ್.

ಹಲ್ಲು ಕೀಳಿಸಲು ಮಾತ್ರೆ ನಿಲ್ಲಿಸುವುದು ಸಾಮಾನ್ಯವಾಗಿ ಬೇಕಾಗಿಲ್ಲ. ದಂತವೈದ್ಯರು ನಿಲ್ಲಿಸಿ ಅಂದರೆ ಹೃದಯದ ಡಾಕ್ಟರಿಗೆ ಫೋನ್ ಮಾಡಿಸಿ. ಊರಲ್ಲಿ ಡೆಂಗ್ಯೂ ಬಂದು ಎಣಿಕೆ ಇಳಿದರೆ ಮಾತ್ರೆ ಮುಂದುವರಿಸಬೇಕೋ ಬೇಡವೋ ಎಂಬುದು ನಿಜಕ್ಕೂ ಕಷ್ಟದ ಪ್ರಶ್ನೆ. ಅದನ್ನು ಮನೆಯಲ್ಲಿ ತೀರ್ಮಾನಿಸದೆ, ಸ್ಟೆಂಟ್ ಇದೆ ಅಂತ ಆಸ್ಪತ್ರೆಯ ಬಾಗಿಲಲ್ಲೇ ಹೇಳಿ. ಕಪ್ಪು ಮಲ, ನಿಲ್ಲದ ಮೂಗಿನ ರಕ್ತ ಕಂಡರೆ ತಡಮಾಡಬೇಡಿ. ರಂಜಾನ್ ಉಪವಾಸ ಹಿಡಿಯುವವರು ತಿಂಗಳ ಮೊದಲೇ ಕೇಳಿಕೊಳ್ಳಬೇಕು. ಹೃದಯಾಘಾತವಾಗಿ ಕೆಲವೇ ವಾರಗಳಾಗಿದ್ದರೆ ಬೇಡ ಅನ್ನುತ್ತಾರೆ. ಅನುಮತಿ ಸಿಕ್ಕರೆ ದಿನಕ್ಕೆರಡು ಬಾರಿಯ ಟಿಕಾಗ್ರೆಲಾರನ್ನು ಸಹರಿ ಮತ್ತು ಇಫ್ತಾರ್‌ಗೆ ಹೊಂದಿಸಬಹುದು.

ಇನ್ನು ಹೆಸರಿನ ಗೊಂದಲ. ಇಲ್ಲಿ ಆಸ್ಪಿರಿನ್ ಪ್ರೊಟೆಕ್ಟ್ ಮತ್ತು ಪ್ಲಾವಿಕ್ಸ್, ಅಲ್ಲಿ ಇಕೋಸ್ಪ್ರಿನ್ ಮತ್ತು ಕ್ಲೊಪಿಲೆಟ್. ಊರಲ್ಲಿ ಇಕೋಸ್ಪ್ರಿನ್ ಗೋಲ್ಡ್ ಅಂತ ಒಂದೇ ಕ್ಯಾಪ್ಸೂಲ್‌ನಲ್ಲಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಮೂರೂ ಇರುತ್ತದೆ. ಇಲ್ಲಿಂದ ಒಯ್ದ ಮಾತ್ರೆಯ ಜೊತೆ ಅದನ್ನೂ ನುಂಗಿದರೆ ಒಂದೇ ಬಿಲ್ಲನ್ನು ಎರಡು ಸಲ ಪಾವತಿಸಿದ ಹಾಗೆ, ಇಲ್ಲಿ ನಷ್ಟವಾಗುವುದು ರಕ್ತ. ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರ ನೋಡಬೇಡಿ, ಕೆಳಗಿನ ಸಣ್ಣ ಅಕ್ಷರದ ಔಷಧದ ಹೆಸರು ನೋಡಿ.

ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಬೇಕೇ?

ಮಾತ್ರೆ ಕೆಲಸ ಮಾಡುತ್ತಿದೆಯೇ ಅಂತ ನೋಡುವ ಯಂತ್ರಗಳು ದೊಡ್ಡ ಆಸ್ಪತ್ರೆಗಳಲ್ಲಿವೆ. ನಾನೂ ಕೇಳಿದೆ, ಬೇಡ ಅಂದರು. 2011ರ ಗ್ರಾವಿಟಾಸ್, 2012ರ ಆರ್ಕ್ಟಿಕ್ ಪ್ರಯೋಗಗಳಲ್ಲಿ ಹೀಗೆ ಪರೀಕ್ಷೆ ನೋಡಿ ಮಾತ್ರೆ ಹೆಚ್ಚಿಸಿದವರಿಗೆ ಬೇರೆಯವರಿಗಿಂತ ಲಾಭವೇನೂ ಕಾಣಲಿಲ್ಲ. ಎಲ್ಲರಿಗೂ ಅದು ಬೇಕಿಲ್ಲ. ಮಾತ್ರೆ ತಪ್ಪದೆ ತೆಗೆದುಕೊಂಡೂ ಸ್ಟೆಂಟ್ ಮುಚ್ಚಿದಂಥ ವಿಶೇಷ ಸಂದರ್ಭದಲ್ಲಿ ಡಾಕ್ಟರೇ ಯೋಚಿಸುತ್ತಾರೆ. ಆ ದುಡ್ಡಿಗೆ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮತ್ತು ಲಿಪಿಡ್ ನೋಡಿಸುವುದು ವಾಸಿ. ಹೃದಯಾಘಾತವಾದವರಿಗೆ ಎಲ್‌ಡಿಎಲ್ 55ಕ್ಕಿಂತ, ಅಂದರೆ 1.4 ಮಿಲಿಮೋಲ್‌ಗಿಂತ, ಕೆಳಗೆ ಇರಬೇಕು. 130ರೊಳಗೆ ನಾರ್ಮಲ್ ಅಂತ ಲ್ಯಾಬ್ ಅಚ್ಚು ಹಾಕುವುದು ನಮಗಲ್ಲ. ನನ್ನದು ಈಗ 51. ಸಕ್ಕರೆಯ ಎಚ್‌ಬಿಎ1ಸಿ ಸಾಮಾನ್ಯವಾಗಿ 7ರ ಕೆಳಗೆ, ಬಿಪಿ 130/80ರ ಕೆಳಗೆ. ಟ್ರೈಗ್ಲಿಸರೈಡ್ ನನಗೆ ಇಳಿದದ್ದು ಎಣ್ಣೆ ಬಿಟ್ಟಿದ್ದಕ್ಕಿಂತ ಹೆಚ್ಚಾಗಿ ಸಕ್ಕರೆ ಚಹಾ ಮತ್ತು ರಾತ್ರಿಯ ಎರಡನೇ ತಟ್ಟೆ ಅನ್ನ ಬಿಟ್ಟಿದ್ದಕ್ಕೆ. ಬೂತಾಯಿ, ಬಂಗುಡೆ ಬಿಡಬೇಕಾಗಿಲ್ಲ, ಎಣ್ಣೆಯಲ್ಲಿ ಮುಳುಗಿಸದೆ ಸಾರು ಮಾಡಿ.

ಇದನ್ನು ಓದಿ ಹೃದಯದ ತೊಂದರೆ ಇಲ್ಲದವರು ‘ನಾನೂ ಒಂದು ಇಕೋಸ್ಪ್ರಿನ್ ಶುರುಮಾಡ್ತೇನೆ’ ಅನ್ನಬೇಡಿ. 2018ರ ಅಸೆಂಡ್ ಪ್ರಯೋಗದಲ್ಲಿ ಹೃದ್ರೋಗವಿಲ್ಲದ 15,480 ಮಧುಮೇಹಿಗಳನ್ನು ಸರಾಸರಿ ಏಳು ವರ್ಷ ಗಮನಿಸಿದರು. ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆ ಆಸ್ಪಿರಿನ್ ಇಲ್ಲದವರಲ್ಲಿ 9.6 ಶೇಕಡಾ, ತೆಗೆದುಕೊಂಡವರಲ್ಲಿ 8.5. ದೊಡ್ಡ ರಕ್ತಸ್ರಾವ 3.2ರಿಂದ 4.1ಕ್ಕೆ ಏರಿತು. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಯಿತು.

ಎದೆನೋವು ಬಂದರೆ

ಎದೆಯ ನಡುವೆ ಒತ್ತಡ, ದವಡೆ, ತೋಳು ಅಥವಾ ಬೆನ್ನಿಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಸಾಲದಿರುವುದು. ಮಧುಮೇಹಿಗಳಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. ಬೆಳಗಿನ ಹೊತ್ತು ಪ್ಲೇಟ್‌ಲೆಟ್‌ಗಳು ಹೆಚ್ಚು ಚುರುಕಾಗಿರುವುದರಿಂದ ಎದ್ದು ಒಂದೆರಡು ಗಂಟೆಯೊಳಗೆ ಬರುವುದು ಜಾಸ್ತಿ. ಟ್ಯಾಕ್ಸಿ ಹುಡುಕಬೇಡಿ, ಸೂಪರ್‌ವೈಸರ್‌ಗೆ ಕಾಯಬೇಡಿ. ಆಂಬುಲೆನ್ಸ್‌ಗೆ ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರ್ ಮತ್ತು ಬಹರೈನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999. ಫೋನಿನಲ್ಲಿ ಅವರು ಹೇಳಿದರೆ, ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, 300 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗಬೇಕು. ಊರಲ್ಲಿರುವ ಮನೆಯವರಿಗೆ 108 ಹೇಳಿಕೊಡಿ. ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮಂಗಳೂರಿಗೋ ಮಣಿಪಾಲಕ್ಕೋ ಮುಟ್ಟುವ ಮೊದಲು ಆ ಇಂಜೆಕ್ಷನ್ ಬಿದ್ದರೆ ಹೃದಯದ ಸ್ನಾಯು ಉಳಿಯುತ್ತದೆ.

ರಜೆಗೆ ಹೊರಡುವವರು ಹಿಂದಿರುಗುವ ದಿನಕ್ಕಿಂತ ಎರಡು ವಾರ ಜಾಸ್ತಿ ಮಾತ್ರೆ ಇಟ್ಟುಕೊಳ್ಳಿ. ವಿಮಾನ ತಪ್ಪುತ್ತದೆ, ಊರಿನ ಮದುವೆ ಮುಂದೆ ಹೋಗುತ್ತದೆ. ಮಾತ್ರೆ ಕೈಚೀಲದಲ್ಲಿರಲಿ, ಚೆಕ್‌ಇನ್ ಮಾಡುವ ಪೆಟ್ಟಿಗೆಯಲ್ಲಿ ಬೇಡ. ಡಾಕ್ಟರ ಚೀಟಿ ಜೊತೆಗಿರಲಿ. ಊರಿಂದ ಬರುವಾಗ ಯಾರದೋ ನೋವಿನ ಮಾತ್ರೆ ಹೊತ್ತು ತರಬೇಡಿ, ಟ್ರಮಡಾಲ್, ಕೊಡೀನ್ ಇಲ್ಲಿ ನಿಯಂತ್ರಿತ ಔಷಧಗಳು, ಏರ್‌ಪೋರ್ಟಿನಲ್ಲೇ ಸಿಕ್ಕಿಬೀಳುತ್ತೀರಿ. ನಾನು ಒಂದು ಸಣ್ಣ ಕಾರ್ಡ್ ಮಾಡಿಸಿ ಎಮಿರೇಟ್ಸ್ ಐಡಿಯ ಹಿಂದೆ ಇಟ್ಟುಕೊಂಡಿದ್ದೇನೆ. ಸ್ಟೆಂಟ್ ಹಾಕಿದ ತಾರೀಕು, ಯಾವ ನಾಳ, ಯಾವ ಔಷಧ ಎಷ್ಟು ಮಿಲಿಗ್ರಾಂ, ಎರಡನೇ ಮಾತ್ರೆ ಯಾವ ತಾರೀಕಿನವರೆಗೆ ಅಂತ ಮುಂದೆ ಇಂಗ್ಲಿಷಿನಲ್ಲಿದೆ. ಹಿಂದೆ ಅದನ್ನೇ ಕನ್ನಡದಲ್ಲಿ ನನ್ನ ಹೆಂಡತಿ ಬರೆದಿದ್ದಾಳೆ, ಅತ್ತೆಗೂ ಓದಲು ಬರಬೇಕಲ್ಲ.